ಬೋಟಲ್ಲಿ ಜನರೇಟರ್ ಇಟ್ಕೊಂಡು ಏಸಿ, ಫ್ರಿಜ್ಜು, ಮೈಕ್ರೋವೇವ್ ಎಲ್ಲಾ ಓಡಿಸ್ಬಹುದಾ?

ಪ್ರಶ್ನೆ: ನಮಸ್ತೆ ಸಾರ್. ನಮ್ದು 11 ಮೀಟರ್ ಬೋಟು, ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ದಿನ ನಾನು, ಹೆಂಡ್ತಿ, ಮಗಳು ಅದರಲ್ಲೇ ಇರ್ತೀವಿ. ಮನೇಲಿದ್ದ ಸಾಮಾನನ್ನೇ ತಂದು ಹಾಕಿದೀವಿ: ಫ್ರಿಜ್ಜು, 1 ಟನ್ ಏಸಿ, 800 ವ್ಯಾಟ್ ಮೈಕ್ರೋವೇವ್, ಕೆಟಲ್, ಫ್ರಂಟ್ ಲೋಡ್ ವಾಷಿಂಗ್ ಮಷೀನು. ಕರೆಂಟಿಗೆ 3 ಕೆವಿಎ ಪೆಟ್ರೋಲ್ ಇನ್ವರ್ಟರ್ ಜನರೇಟರ್ ಇದೆ, ಹಿಂದಿನ ಡೆಕ್ ಮೇಲಿಟ್ಟು ಅದರ ವೈರನ್ನ ಬೋಟಿನ ಶೋರ್ ಪವರ್ ಸಾಕೆಟ್ಟಿಗೇ (ದಡದ ಕರೆಂಟ್ ತಗೊಳ್ಳೋ ಸಾಕೆಟ್ಟು) ಚುಚ್ಚಿದೀವಿ. ಏಸಿ, ಮೈಕ್ರೋವೇವ್, ಫ್ರಿಜ್ಜು ಒಟ್ಟಿಗೆ ಓಡ್ತಾ ಇರ್ತವೆ, ಇದ್ದಕ್ಕಿದ್ದಂಗೆ ಓವರ್‌ಲೋಡ್ ಲೈಟ್ ಬಂದು ಎಲ್ಲಾ ಆಫ್. ಲೆಕ್ಕ ಹಾಕಿದ್ರೆ 2,050 ವ್ಯಾಟ್ ಅಷ್ಟೇ. 8 ಕೆವಿಎ ಡೀಸೆಲ್ ಜನರೇಟರ್ ಹಾಕಿಸ್ಬಿಡಿ ಅಂತಾರೆ, ಹಾಕಿಸ್ಲಾ? ಅಲ್ಲಿವರೆಗೂ ಫ್ರಿಜ್ಜಿಗೊಂದು ಸ್ಟೆಬಿಲೈಜರ್ ಹಾಕಿದ್ರೆ ನಡೆಯುತ್ತಾ? ರಾತ್ರಿ ಏಸಿ ಹಾಕ್ಕೊಂಡು ಮಲಗೋದು ನಮಗೆ ಮುಖ್ಯ.

ಉತ್ತರ: ಕರೆಂಟಿನ ಕಥೆ ಆಮೇಲೆ, ಮೊದಲು ನಿಮ್ಮ ಕೊನೇ ಸಾಲಿಗೆ ಬರ್ತೀನಿ. ರಾತ್ರಿ ಏಸಿ ಹಾಕ್ಕೊಂಡು ಮಲಗ್ತೀವಿ ಅಂದ್ರಿ, ಜನರೇಟರ್ ಇರೋದು ಹಿಂದಿನ ಡೆಕ್ ಮೇಲೆ, ಅದೂ ಪೆಟ್ರೋಲ್ದು. ಇವತ್ತಿನ ರಾತ್ರಿಯಿಂದಲೇ ಅದನ್ನ ನಿಲ್ಸಿ. ಸೆಕೆ ಆದ್ರೆ ಕಿಟಕಿ ತೆಗೆದು ಮಲಗಿ, ಬೆವರಿದ್ರೆ ಬೆವರ್ಲಿ, ಬೆಳಿಗ್ಗೆ ಸ್ನಾನ ಮಾಡಿದ್ರಾಯ್ತು.

ಯಾಕಂದ್ರೆ ಆ ಹೊಗೆಯಲ್ಲಿರೋ ಕಾರ್ಬನ್ ಮೊನಾಕ್ಸೈಡಿಗೆ (ಸಿಒ) ಬಣ್ಣ ಇಲ್ಲ, ವಾಸನೆ ಇಲ್ಲ, ರಕ್ತದಲ್ಲಿರೋ ಹಿಮೋಗ್ಲೋಬಿನ್‌ಗೆ ಅದು ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಬಲವಾಗಿ ಅಂಟ್ಕೊಳ್ಳುತ್ತೆ. ಮೊದಲು ಬರೋದು ತಲೆನೋವು, ವಾಕರಿಕೆ, ತಲೆಸುತ್ತು. ಬೋಟಲ್ಲಿ ಯಾರಿಗಾದ್ರೂ ಹಿಂಗಾದ್ರೆ ನಾವು ಏನಂತೀವಿ? ಅಲೆಗೆ ಹೊಟ್ಟೆ ತೊಳೆಸ್ತಿದೆ, ಕ್ಯಾಬಿನ್ನಿಗೆ ಹೋಗಿ ಸ್ವಲ್ಪ ಮಲಕ್ಕೋ ಅಂತೀವಿ. ಗಾಳಿ ಕಟ್ಟಿರೋದೇ ಆ ಕ್ಯಾಬಿನ್ನಲ್ಲಿ! ಮನೆಗಿಂತ ಬೋಟಲ್ಲಿ ಇದು ಜಾಸ್ತಿ ಅಪಾಯ ಅನ್ನೋದಕ್ಕೆ ನನ್ನ ಪ್ರಕಾರ ಇದೇ ಮುಖ್ಯ ಕಾರಣ, ವಿಷದ ಲಕ್ಷಣಕ್ಕೆ ನಾವು ಆಗಲೇ ಬೇರೆ ಹೆಸರು ಇಟ್ಬಿಟ್ಟಿರ್ತೀವಿ.

"ಜನರೇಟರ್ ಹೊರಗಡೆ ತಾನೇ ಇದೆ" ಅಂತ ನೀವು ಹೇಳ್ಬಹುದು, ಎಲ್ರೂ ಹೇಳೋದು ಅದನ್ನೇ. ಲಂಗರು ಹಾಕಿದ ಬೋಟು ಸಾಮಾನ್ಯವಾಗಿ ಗಾಳಿಗೆ ಮೂತಿ ಕೊಟ್ಟು ನಿಲ್ಲುತ್ತೆ, ಗಾಳಿ ಮುಂದಿನಿಂದ ಹಿಂದಕ್ಕೆ ಹೋಗುತ್ತೆ, ಹೊಗೇನೂ ಹಿಂದಕ್ಕೆ ಹೋಗ್ಬೇಕು ಅಂತ ಅನ್ಸುತ್ತೆ. ಆದ್ರೆ ಕ್ಯಾಬಿನ್ನು ಗಾಳಿಗೆ ಅಡ್ಡ ನಿಂತ ಗೋಡೆ ಇದ್ದಂಗೆ, ಅದರ ಬೆನ್ನಿಗೆ ಗಾಳಿ ಸುಳಿ ಸುತ್ತುತ್ತೆ, ಆ ಸುಳಿ ಹೊಗೆನ ವಾಪಸ್ ಬಾಗಿಲ ಕಡೆಗೇ ಎಳ್ಕೊಂಡು ಬರುತ್ತೆ. ಇನ್ನು ಉಬ್ಬರ ಇಳಿತ ಇರೋ ಜಾಗದಲ್ಲಿ ರಾತ್ರಿ ನೀರಿನ ಸೆಳೆತ ತಿರುಗಿತು ಅಂದ್ರೆ ಬೋಟೂ ಅದರ ಜೊತೆ ತಿರುಗುತ್ತೆ, ಗಾಳಿ ಈಗ ಹಿಂದಿನಿಂದ ಸೀದಾ ಒಳಗೆ. ನೀವು ಮಲಗುವಾಗ ನೋಡಿದ ದಿಕ್ಕು ಬೇರೆ, 2 ಗಂಟೆಗೆ ಇರೋ ದಿಕ್ಕು ಬೇರೆ.

ಒಂದ್ಸಲ ಕೆಲಸಕ್ಕೆ ಹೋದ ಬೋಟಲ್ಲಿ ನಾನೇ ನೋಡಿದ್ದು ಹೇಳ್ತೀನಿ. ಮಧ್ಯಾಹ್ನ, ಬಾಗಿಲು ಅರ್ಧ ತೆಗ್ದಿತ್ತು, ಜನರೇಟರ್ ಹಿಂದುಗಡೆ ಓಡ್ತಿತ್ತು, ನಾನು ಒಳಗೆ ಪ್ಯಾನೆಲ್ ಬಿಚ್ಕೊಂಡು ಕೂತಿದ್ದೆ. ನನ್ನ ಬ್ಯಾಗಲ್ಲಿ ಯಾವಾಗ್ಲೂ ಇರೋ ಸಿಒ ಮೀಟರ್ ಕಿರುಚೋಕೆ ಶುರು ಮಾಡ್ತು. ಮೂಗಿಗೆ ಏನೂ ಗೊತ್ತಾಗ್ತಿರ್ಲಿಲ್ಲ, ಕಣ್ಣು ಉರೀತಿರ್ಲಿಲ್ಲ. ಬೆಳಿಗ್ಗೆಯಿಂದ ತಲೆ ಭಾರ ಇತ್ತು, ಬಗ್ಗಿ ಬಗ್ಗಿ ಕೆಲಸ ಮಾಡಿದ್ದಕ್ಕೆ ಅಂದ್ಕೊಂಡಿದ್ದೆ. ಹೊರಗೆ ಬಂದು ನೋಡಿದ್ರೆ ಜನರೇಟರಿನ ಸೈಲೆನ್ಸರ್ ನೀರಿನ ಕಡೆಗೇ ಮುಖ ಮಾಡಿತ್ತು, ಇಟ್ಟವರದ್ದು ತಪ್ಪು ಅನ್ನೋ ಹಂಗೂ ಇರ್ಲಿಲ್ಲ.

ಈಜೋಕೆ ಇಳಿಯೋ ಮೆಟ್ಟಿಲ ಹತ್ರ, ಹಿಂದಿನ ಪ್ಲಾಟ್‌ಫಾರ್ಮಿನ ಕೆಳಗೆ ಇನ್ನೂ ಕೆಟ್ಟದು. ಅಮೆರಿಕದ ಲೇಕ್ ಪೊವೆಲ್‌ನಲ್ಲಿ 2000ದ ಆಗಸ್ಟ್‌ನಲ್ಲಿ 8 ಮತ್ತು 11 ವರ್ಷದ ಅಣ್ಣತಮ್ಮಂದಿರು ಹೌಸ್‌ಬೋಟಿನ ಹಿಂದಿನ ಡೆಕ್ ಕೆಳಗಿನ ಸಂದಿಗೆ ಈಜ್ಕೊಂಡು ಹೋಗಿ, ಜನರೇಟರ್ ಹೊಗೆ ತುಂಬಿದ್ದ ಗಾಳಿ ಕುಡಿದು ತೀರಿಕೊಂಡ್ರು. ಆಮೇಲೆ ನಡೆದ ತನಿಖೆಗಳಿಂದಲೇ ಹೌಸ್‌ಬೋಟುಗಳಲ್ಲಿ ಹೊಗೆನ ನೀರಿನ ಮಟ್ಟದಲ್ಲಿ ಬಿಡೋ ಬದಲು ಚಾವಣಿ ಮೇಲೆ ಎತ್ತರಕ್ಕೆ ಪೈಪಲ್ಲಿ ಬಿಡೋ ಮಾತು ಜೋರಾಗಿದ್ದು. ನಿಮ್ಮ ಮಗಳು ಈಜೋವಾಗ ಜನರೇಟರ್ ಆಫ್. ಇದಕ್ಕೆ ಚರ್ಚೆ ಇಲ್ಲ.

ಮಲಗೋ ಕ್ಯಾಬಿನ್ ಒಂದೊಂದಕ್ಕೂ ಒಂದೊಂದು ಸಿಒ ಅಲಾರಂ ಹಾಕಿ, ಬೋಟಿಗೆ ಅಂತಲೇ ಮಾಡಿರೋದು. ಈ ಗ್ಯಾಸು ಗಾಳಿಗಿಂತ ಒಂಚೂರು ಹಗುರ ಅಷ್ಟೇ, ಮೇಲಕ್ಕೂ ಏರಲ್ಲ ಕೆಳಕ್ಕೂ ಇಳಿಯಲ್ಲ, ಕಲೆತು ಹೋಗುತ್ತೆ, ಅದಕ್ಕೆ ದಿಂಬಿನ ಎತ್ತರದ ಆಸುಪಾಸಲ್ಲಿ ಇದ್ರೆ ಒಳ್ಳೇದು. ಪೆಟ್ರೋಲ್ ಆವಿ ಹಂಗಲ್ಲ, ಅದು ಗಾಳಿಗಿಂತ 3-4 ಪಟ್ಟು ಭಾರ, ಸೀದಾ ಬೋಟಿನ ತಳಕ್ಕೆ ಇಳಿದು ಅಲ್ಲೇ ಕೂತ್ಕೊಳ್ಳುತ್ತೆ, ತಳದ ನೀರು ಹೊರಗೆ ಹಾಕೋ ಬಿಲ್ಜ್ ಪಂಪಿನ ಸ್ವಿಚ್ಚಿನ ಒಂದು ಕಿಡಿ ಸಾಕು. ಹಂಗಾಗಿ ಬಿಸಿ ಇರೋ ಜನರೇಟರಿಗೆ ಡೆಕ್ ಮೇಲೇ ಪೆಟ್ರೋಲ್ ಸುರಿಯೋದು, ಮಳೆ ಬಂತು ಅಂತ ಜನರೇಟರನ್ನ ಲಾಕರ್ ಒಳಗೆ ತಳ್ಳೋದು ಎರಡೂ ಬೇಡ. ಆರಿದ ಮೇಲೆ ದಡಕ್ಕೆ ಇಳಿಸಿ ತುಂಬಿಸ್ಕೊಂಡು ಬನ್ನಿ.

ಈಗ ಕರೆಂಟಿಗೆ ಬರೋಣ.

ನಿಮ್ಮ 2,050 ಹೆಂಗೆ ಬಂತು ಅಂತ ನಾನು ಊಹಿಸ್ತೀನಿ: ಏಸಿ 1,100, ಮೈಕ್ರೋವೇವ್ 800, ಫ್ರಿಜ್ಜು 150. ಇದರಲ್ಲಿ ಎರಡು ತಪ್ಪಿದೆ, ಒಂದು ಸಣ್ಣದು, ಒಂದು ದೊಡ್ಡದು. ಸಣ್ಣದು ಮೈಕ್ರೋವೇವ್ದು. 800 ವ್ಯಾಟ್ ಅಂತ ಬಾಗಿಲ ಮೇಲೆ ಬರ್ದಿರೋದು ಒಳಗಿಟ್ಟ ಪಾತ್ರೆಗೆ ಸಿಗೋ ಶಾಖ, ಗೋಡೆಯಿಂದ ಅದು ಎಳೆಯೋದು 1,200-1,300. ಹಿಂದುಗಡೆ ಇರೋ ಚೀಟಿ ನೋಡಿ, ಇನ್‌ಪುಟ್ ಅಂತ ಬೇರೆ ಬರ್ದಿರುತ್ತೆ. ಅಲ್ಲಿಗೆ ನಿಮ್ಮ ಲೆಕ್ಕ 2,500 ಆಯ್ತು. ಜನರೇಟರಿನ ಡಬ್ಬದ ಮೇಲೆ ದೊಡ್ಡಕ್ಷರದಲ್ಲಿರೋ 3 ಕೆವಿಎ ಸಾಮಾನ್ಯವಾಗಿ ಸ್ವಲ್ಪ ಹೊತ್ತಿಗೆ ಮಾತ್ರ ಕೊಡೋ ಮ್ಯಾಕ್ಸಿಮಮ್ಮು, ಗಂಟೆಗಟ್ಲೆ ಕೊಡೋದು ಸಣ್ಣಕ್ಷರದಲ್ಲಿ ಇರುತ್ತೆ, ಇಂಥ ಜನರೇಟರಲ್ಲಿ 2.6ರಿಂದ 2.8. ಅಂದ್ರೆ 230 ವೋಲ್ಟಲ್ಲಿ ಸುಮಾರು 11-12 ಆಂಪ್. ಏಸಿ 5, ಮೈಕ್ರೋವೇವ್ 5.5, ಫ್ರಿಜ್ಜು 0.7. ಬಟ್ಟಲು ಅಂಚಿನವರೆಗೂ ತುಂಬಿದೆ, ಆದ್ರೂ ಚೆಲ್ಲಿಲ್ಲ, ಅದಕ್ಕೇ ನಿಮಗೆ ಸ್ವಲ್ಪ ಹೊತ್ತು ಎಲ್ಲಾ ಒಟ್ಟಿಗೆ ಓಡಿದಂಗೆ ಕಾಣೋದು.

ಚೆಲ್ಲೋದು ಯಾವಾಗ ಅಂದ್ರೆ ಮೋಟಾರು ಸ್ಟಾರ್ಟ್ ಆಗೋವಾಗ. ಇದೇ ಆ ದೊಡ್ಡ ತಪ್ಪು. ಏಸಿ ಸದಾ ಓಡ್ತಾ ಇರಲ್ಲ, ಕ್ಯಾಬಿನ್ ತಣ್ಣಗಾದ ತಕ್ಷಣ ಅದರ ಕಂಪ್ರೆಸರ್ ನಿಲ್ಲುತ್ತೆ, ಬಿಸಿಯಾದ್ರೆ ಮತ್ತೆ ಏಳುತ್ತೆ. ನಿಂತಿರೋ ಮೋಟಾರನ್ನ ಎಬ್ಬಿಸೋಕೆ ಓಡೋವಾಗಿನ 5-7 ಪಟ್ಟು ಕರೆಂಟ್ ಬೇಕು. 5 ಆಂಪ್ ಏಸಿ ಏಳೋವಾಗ 25-35 ಆಂಪ್ ಕೇಳುತ್ತೆ, ಅರೆ ಸೆಕೆಂಡೋ ಒಂದು ಸೆಕೆಂಡೋ ಅಷ್ಟೇ, ಆದ್ರೆ ಕೇಳೋದಂತೂ ಕೇಳುತ್ತೆ. ದಡದ ಕರೆಂಟಲ್ಲಿ ಇದು ಗೊತ್ತೇ ಆಗಲ್ಲ, ಲೈಟು ಒಂದ್ಸಲ ಕಣ್ಣು ಮಿಟುಕಿಸಿ ಸುಮ್ನಾಗುತ್ತೆ, ಯಾಕಂದ್ರೆ ಹಿಂದೆ ಇಡೀ ಗ್ರಿಡ್ ನಿಂತಿರುತ್ತೆ. ನಿಮ್ಮ ಜನರೇಟರ್ ಹಿಂದೆ ಯಾರೂ ಇಲ್ಲ. ಮೈಕ್ರೋವೇವ್ ಆಫ್ ಇದ್ದಾಗ ಏಸಿ ಹೆಂಗೋ ತಿಣುಕಿ ಎದ್ದಿರುತ್ತೆ, ಆನ್ ಇದ್ದಾಗ ಏಳೋಕೆ ಹೋದ್ರೆ ವೋಲ್ಟೇಜು ಬಿದ್ದು ಜನರೇಟರ್ ಕೈ ಎತ್ತುತ್ತೆ.

ಫ್ರಿಜ್ಜೂ ಇದೇ ಜಾತಿ, ಸೈಜು ಸಣ್ಣದು ಅಷ್ಟೇ. ನಂಬಿಕೆ ಬರ್ಲಿಲ್ಲ ಅಂದ್ರೆ ಒಂದು ಕ್ಲಾಂಪ್ ಮೀಟರ್ ತಗೊಳ್ಳಿ, ಇನ್‌ರಶ್ (ಏಳೋ ಕ್ಷಣದ ಕರೆಂಟ್) ಅನ್ನೋ ಬಟನ್ ಇರೋದು. ಫೇಸ್ ವೈರ್ ಒಂದಕ್ಕೇ ಅದರ ಬಾಯಿ ಹಾಕಿ ಕಾಯ್ತಾ ಕೂತ್ಕೊಳ್ಳಿ. ನಾನೊಂದು ಹಳೇ ಫ್ರಿಜ್ಜಿಗೆ ಹಾಕಿ ನೋಡಿದ್ದೆ, ಓಡೋವಾಗ 0.7, ಏಳೋ ಕ್ಷಣದಲ್ಲಿ 6 ದಾಟಿತು. ಆಮೇಲೆ ಬೇಕು ಅಂತಲೇ ಕೆಟಲ್ ಆನ್ ಮಾಡಿ ವೋಲ್ಟೇಜ್ ತಗ್ಗಿಸಿ ನೋಡಿದೆ. ಫ್ರಿಜ್ಜಿನ ಹಿಂದೆ ಕಿವಿ ಕೊಟ್ರೆ ಗುಂಯ್ ಅಂತ ಒಂದು ದಪ್ಪ ಸದ್ದು, ಮೋಟಾರು ತಿರುಗೋ ಸದ್ದಲ್ಲ, ನಿಂತಲ್ಲೇ ಒದ್ದಾಡೋ ಸದ್ದು, ಸುಮಾರು ಹತ್ತು ಸೆಕೆಂಡು, ಆಮೇಲೆ ಟಿಕ್. ಆ ಟಿಕ್ ಅನ್ನೋದು ಕಂಪ್ರೆಸರ್ ಪಕ್ಕದಲ್ಲಿರೋ ಓವರ್‌ಲೋಡ್ ಪ್ರೊಟೆಕ್ಟರ್, ಬಿಸಿಯಾಗಿ ಕರೆಂಟ್ ಕಟ್ ಮಾಡಿದ್ದು. ಒಂದೆರಡು ನಿಮಿಷಕ್ಕೆ ಅದು ತಣ್ಣಗಾಗಿ ಮತ್ತೆ ಗುಂಯ್, ಮತ್ತೆ ಟಿಕ್. ನಿಮ್ಮ ಬೋಟಲ್ಲಿ ಈ ಸದ್ದು ಕೇಳಿದ್ರೆ ಫ್ರಿಜ್ಜು ಕೆಟ್ಟಿದೆ ಅಂತ ಮೆಕ್ಯಾನಿಕ್ಕನ್ನ ಕರೀಬೇಡಿ, ಹಂಗೇ ಬಿಡಲೂ ಬೇಡಿ, ಬಿಟ್ರೆ ವೈಂಡಿಂಗ್ ನಿಜವಾಗ್ಲೂ ಸುಡುತ್ತೆ.

ಇನ್ನೊಂದು ಸಂಗತಿ, ಜನರೇಟರ್ ಟ್ರಿಪ್ ಆದ ತಕ್ಷಣ ರೀಸೆಟ್ ಮಾಡಿ ಎಲ್ಲಾ ಆನ್ ಮಾಡ್ತೀರಲ್ಲ, ಆಗ ಏಸಿ ಇನ್ನೂ ಕಷ್ಟಪಡುತ್ತೆ. ಓಡ್ತಾ ಓಡ್ತಾ ನಿಂತ ಕಂಪ್ರೆಸರಿನ ಒಂದು ಕಡೆ ಗ್ಯಾಸ್ ಪ್ರೆಷರ್ ಏರಿರುತ್ತೆ, ಅದು ಇಳಿಯೋಕೆ 3 ನಿಮಿಷನಾದ್ರೂ ಬೇಕು. ಅಷ್ಟರೊಳಗೆ ಎಬ್ಬಿಸಿದ್ರೆ ಮೋಟಾರು ಆ ಪ್ರೆಷರಿಗೆ ಎದುರಾಗಿ ತಿರುಗ್ಬೇಕು, ತಿರುಗಲ್ಲ, ಮತ್ತೆ ಟ್ರಿಪ್.

ಹಂಗಾದ್ರೆ ಏನ್ಮಾಡೋದು. 8 ಕೆವಿಎ ಹಾಕಿಸಿ ಅನ್ನೋದು ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದಂಗೆ. ಒಂದು ಸೆಕೆಂಡಿನ ಹಸಿವಿಗೆ ಇಡೀ ದಿನ ದೊಡ್ಡ ಎಂಜಿನ್ ಸಾಕೋದು ಯಾಕೆ? ಆ ಹಸಿವನ್ನೇ ಕಮ್ಮಿ ಮಾಡಿ. ಹಳೇ ತರದ, ಕಂಪ್ರೆಸರ್ ಒಂದೇ ಸ್ಪೀಡಲ್ಲಿ ಓಡೋ ಏಸಿ ಇದ್ರೆ ಅದಕ್ಕೊಂದು ಸಾಫ್ಟ್ ಸ್ಟಾರ್ಟರ್ ಹಾಕಿಸಿ, ಮೋಟಾರಿಗೆ ಕರೆಂಟನ್ನ ಒಮ್ಮೆಲೇ ಸುರಿಯದೆ ನಿಧಾನಕ್ಕೆ ಏರ್ಸುತ್ತೆ, ಏಳೋವಾಗಿನ ಆ ಹೊಡೆತ ಅರ್ಧಕ್ಕಿಂತ ಕೆಳಗೆ ಬರುತ್ತೆ. ಅದಕ್ಕಿಂತ ಒಳ್ಳೇದು ಅಂದ್ರೆ ಏಸಿನೇ ಇನ್ವರ್ಟರ್ ಏಸಿಗೆ ಬದಲಾಯಿಸೋದು. ಅದರ ಕಂಪ್ರೆಸರ್ ಸೊನ್ನೆಯಿಂದ ಮೆಲ್ಲಗೆ ಸ್ಪೀಡ್ ತಗೊಳ್ಳುತ್ತೆ, ಒದೆಯೋದೇ ಇಲ್ಲ, ಕ್ಯಾಬಿನ್ ತಣ್ಣಗಾದ ಮೇಲೆ 400-500 ವ್ಯಾಟಲ್ಲಿ ತೆವಳ್ತಾ ಇರುತ್ತೆ. ಹಳೇ ಏಸಿ ಇಟ್ಕೊಂಡು ದೊಡ್ಡ ಜನರೇಟರ್ ಹಾಕೋದಕ್ಕಿಂತ ಹೊಸ ಏಸಿ ಹಾಕ್ಕೊಂಡು ಇರೋ ಜನರೇಟರನ್ನೇ ಓಡಿಸೋದು ಯಾವಾಗ್ಲೂ ಅಗ್ಗ, ಬೋಟಲ್ಲಿ ಜಾಗ, ತೂಕ, ಸದ್ದು ಎಲ್ಲದರಲ್ಲೂ.

ಎರಡನೇದು, ಶಾಖ ಮಾಡೋ ಸಾಮಾನುಗಳು ಒಂದಾದ ಮೇಲೆ ಒಂದು. ಕೆಟಲ್, ಇಸ್ತ್ರಿಪೆಟ್ಟಿಗೆ, ಗೀಸರ್, ಇಂಡಕ್ಷನ್ ಸ್ಟವ್, ಇವು ಒದೆಯಲ್ಲ ಆದ್ರೆ ಸುಮ್ನೆ ಕೂತು ಪೂರಾ ತಿಂತವೆ. 1,800 ವ್ಯಾಟಿನ ಕೆಟಲ್ ಅಂದ್ರೆ 8 ಆಂಪ್, ನಿಮ್ಮ ಜನರೇಟರಿನ ಮುಕ್ಕಾಲು ಭಾಗ ಅದೊಂದಕ್ಕೇ. ಇಂಡಕ್ಷನ್ ಸ್ಟವ್ವನ್ನ ಕಮ್ಮಿಗೆ ಇಟ್ಟಿದೀನಿ ಅಂತ ಮೋಸ ಹೋಗ್ಬೇಡಿ, ಸುಮಾರು ಮಾಡೆಲ್ಲುಗಳಲ್ಲಿ ಕಮ್ಮಿ ಅಂದ್ರೆ ಹೆಚ್ಚು ಪವರಲ್ಲೇ ಆನ್ ಆಗಿ ಆಫ್ ಆಗಿ ಆನ್ ಆಗೋದು. ಎಲ್ಲಕ್ಕಿಂತ ಕಳ್ಳ ಅಂದ್ರೆ ನಿಮ್ಮ ಫ್ರಂಟ್ ಲೋಡ್ ವಾಷಿಂಗ್ ಮಷೀನು. ಮೋಟಾರು ಎಷ್ಟೂ ಇಲ್ಲ, ಆದ್ರೆ ಬಟ್ಟೆ ಹಾಕಿ ಬಾಗಿಲು ಮುಚ್ಚಿ ನೀವು ಬೇರೆ ಕೆಲಸಕ್ಕೆ ಹೋದ ಮೇಲೆ, ನೀರು ತುಂಬಿದ ಬಳಿಕ ಅದರೊಳಗಿನ ಹೀಟರ್ ಸದ್ದಿಲ್ಲದೆ ಆನ್ ಆಗುತ್ತೆ, 2,000 ವ್ಯಾಟ್ ಹತ್ರ. ಜನರೇಟರ್ ಟ್ರಿಪ್ ಆದಾಗ ಯಾರೂ ಅದರ ಮೇಲೆ ಅನುಮಾನ ಪಡಲ್ಲ. ತಣ್ಣೀರಿನ ಪ್ರೋಗ್ರಾಂ ಹಾಕಿ, ಮುಗೀತು.

ಶುರು ಮಾಡೋ ಕ್ರಮಾನೂ ಇದೆ. ಲೋಡಿಲ್ದೆ ಜನರೇಟರ್ ಸ್ಟಾರ್ಟ್ ಮಾಡಿ 2-3 ನಿಮಿಷ ಬಿಸಿಯಾಗೋಕೆ ಬಿಡಿ, ಮೊದಲು ಏಸಿ, ಅದು ಸರಿಯಾಗಿ ಹಿಡ್ಕೊಂಡ ಮೇಲೆ ಫ್ರಿಜ್ಜು, ಆಮೇಲೆ ಉಳಿದಿದ್ದು. ಒದೆಯೋದನ್ನ ಮೊದಲು, ತಿನ್ನೋದನ್ನ ಆಮೇಲೆ. ಮೈಕ್ರೋವೇವ್ ಬೇಕಾದಾಗ ಏಸಿನ ಫ್ಯಾನ್ ಮೋಡಿಗೆ ಹಾಕಿ, ಐದು ನಿಮಿಷದಲ್ಲಿ ಕ್ಯಾಬಿನ್ ಏನೂ ಕುದಿಯಲ್ಲ. ಜನರೇಟರಲ್ಲಿ ಇಕೋ ಅಂತ ಸ್ವಿಚ್ ಇರುತ್ತಲ್ಲ, ಲೋಡ್ ಕಮ್ಮಿ ಇದ್ದಾಗ ಎಂಜಿನ್ ಸ್ಪೀಡ್ ಇಳಿಸೋದು, ಕಂಪ್ರೆಸರ್‌ಗಳು ಇರೋವಾಗ ಅದನ್ನ ಆಫ್ ಇಡಿ. ನಿದ್ದೆಗಣ್ಣಲ್ಲಿರೋ ಎಂಜಿನ್ನಿಗೆ ಏಸಿ ಒದ್ದರೆ ಅದು ಎದ್ದು ಸ್ಪೀಡ್ ತಗೊಳ್ಳೋದ್ರೊಳಗೆ ವೋಲ್ಟೇಜ್ ಬಿದ್ದಿರುತ್ತೆ. ನಿಲ್ಲಿಸೋವಾಗ ಲೋಡೆಲ್ಲಾ ತೆಗೆದು ಒಂದೈದು ನಿಮಿಷ ಖಾಲಿ ಓಡಿಸಿ ಆಮೇಲೆ ಆಫ್ ಮಾಡಿ.

ಈಗ ನೀವು ಕೇಳದೇ ಇದ್ರೂ ಹೇಳ್ಲೇಬೇಕಾದ್ದು. ಜನರೇಟರ್ ವೈರನ್ನ ಶೋರ್ ಪವರ್ ಸಾಕೆಟ್ಟಿಗೆ ಚುಚ್ಚಿದೀವಿ ಅಂದ್ರಿ. ದಡದ ಕರೆಂಟಲ್ಲಿ ನ್ಯೂಟ್ರಲ್ಲಿಗೂ ಅರ್ತಿಂಗಿಗೂ ದಡದಲ್ಲೇ ಒಂದು ಕಡೆ ಗಂಟು ಹಾಕಿರ್ತಾರೆ, ಅದಕ್ಕೇ ಬೋಟಿನ ಒಳಗೆ ಆ ಗಂಟು ಇರಲ್ಲ, ಇರ್ಲೂಬಾರ್ದು. ನಿಮ್ಮಂಥ ಸಣ್ಣ ಇನ್ವರ್ಟರ್ ಜನರೇಟರಲ್ಲೂ ಸಾಮಾನ್ಯವಾಗಿ ಆ ಗಂಟು ಇರಲ್ಲ. ಅಂದ್ರೆ ಈಗ ನಿಮ್ಮ ಬೋಟಲ್ಲಿ ಎಲ್ಲೂ ಇಲ್ಲ! ಒಂದು ಸಾಮಾನಿನ ಫೇಸು ಬಾಡಿಗೆ ತಾಗಿದ್ರೆ ಕರೆಂಟ್ ವಾಪಸ್ ಹೋಗೋಕೆ ದಾರಿ ಇಲ್ಲ, ಕರೆಂಟ್ ಸೋರಿದ್ರೆ ಕಟ್ ಮಾಡೋ ಆರ್‌ಸಿಸಿಬಿ ಸ್ವಿಚ್ಚು ಟ್ರಿಪ್ ಆಗಲ್ಲ, ಯಾರಿಗೂ ಏನೂ ಗೊತ್ತಾಗಲ್ಲ. ಆ ತಪ್ಪು ಹಂಗೇ ಬಚ್ಚಿಟ್ಕೊಂಡು ಕೂತಿರುತ್ತೆ, ಇನ್ನೊಂದು ಸಾಮಾನಲ್ಲಿ ನ್ಯೂಟ್ರಲ್ ಕಡೆ ತಪ್ಪಾದ ದಿನ ಎರಡೂ ಸೇರಿ ಹೊಡೆಯುತ್ತೆ. ಸುತ್ತ ನೀರು, ಒದ್ದೆ ಕಾಲು.

"ಟೆಸ್ಟ್ ಬಟನ್ ಒತ್ತಿದ್ರೆ ಟ್ರಿಪ್ ಆಗ್ತಿದೆಯಲ್ಲ" ಅಂತ ನನಗೆ ಎಷ್ಟು ಜನ ಹೇಳಿದಾರೋ ಲೆಕ್ಕ ಇಲ್ಲ. ಆಗೇ ಆಗುತ್ತೆ. ಆ ಬಟನ್ನು ಆರ್‌ಸಿಸಿಬಿಯ ಒಳಗೇ ಫೇಸಿಂದ ನ್ಯೂಟ್ರಲ್ಲಿಗೆ ಒಂದು ರೆಸಿಸ್ಟರ್ ಮೂಲಕ ಚೂರು ಕರೆಂಟ್ ಹರಿಸುತ್ತೆ, ಅದಕ್ಕೆ ಅರ್ತಿಂಗೇ ಬೇಕಿಲ್ಲ. ಬಟನ್ ಕೆಲಸ ಮಾಡಿದ್ರೆ ಆರ್‌ಸಿಸಿಬಿ ಚೆನ್ನಾಗಿದೆ ಅಂತ ಅರ್ಥ, ನಿಮ್ಮನ್ನ ಕಾಪಾಡುತ್ತೆ ಅಂತಲ್ಲ. ಬೋಟಿನ ವೈರಿಂಗ್ ಬಲ್ಲ ಎಲೆಕ್ಟ್ರಿಷಿಯನ್ನನ್ನ ಕರೆಸಿ ಶೋರ್-ಜನರೇಟರ್ ಚೇಂಜ್‌ಓವರ್ ಸ್ವಿಚ್ ಹಾಕಿಸಿ, ಫೇಸು ನ್ಯೂಟ್ರಲ್ಲು ಎರಡನ್ನೂ ಬದಲಾಯಿಸೋದು, ಒಂದನ್ನ ಪೂರ್ತಿ ಬಿಟ್ಟ ಮೇಲೇ ಇನ್ನೊಂದನ್ನ ಹಿಡಿಯೋದು. ನ್ಯೂಟ್ರಲ್-ಅರ್ತ್ ಗಂಟು ಸ್ವಿಚ್ಚಿಗಿಂತ ಹಿಂದೆ, ಜನರೇಟರ್ ಕಡೆ ಬರ್ಬೇಕು, ದಡದ ಕರೆಂಟಿಗೆ ತಿರುಗಿಸಿದ್ರೆ ತಾನಾಗೇ ಕಳಚ್ಕೋಬೇಕು. ಇದನ್ನ ನೀವೇ ಮಾಡೋಕೆ ಹೋಗ್ಬೇಡಿ. ಎರಡೂ ತುದಿಗೆ ಪ್ಲಗ್ ಇರೋ ವೈರ್ ಮಾಡ್ಕೊಂಡು ಯಾವ್ದೋ ಸಾಕೆಟ್ಟಿಗೆ ಉಲ್ಟಾ ಕರೆಂಟ್ ತುಂಬೋದಂತೂ ಬೇಡವೇ ಬೇಡ, ಬಿಚ್ಚಿದ ತುದಿಯ ಪಿನ್ನಲ್ಲಿ 230 ವೋಲ್ಟ್ ಬರಿಮೈಯಲ್ಲಿ ನಿಂತಿರುತ್ತೆ.

ಹೊಸದಾಗಿ ವೈರ್ ಎಳೆಸೋದಾದ್ರೆ ಒಂಟಿ ತಂತಿಯ ವೈರ್ ಬೋಟಿಗೆ ಆಗಲ್ಲ, ಅದುರಿ ಅದುರಿ ಒಳಗೇ ಮುರಿಯುತ್ತೆ. ಸಣ್ಣ ಎಳೆಗಳ, ತವರ ಲೇಪಿಸಿರೋದು ಹಾಕ್ಸಿ.

ಇನ್ನು ಡೀಸೆಲ್ ಜನರೇಟರ್ ವಿಚಾರ. ರಾತ್ರಿ ಏಸಿ ಬೇಕೇ ಬೇಕು ಅಂದ್ರೆ ಅದಕ್ಕೆ ಎರಡೇ ದಾರಿ ಅಂತ ನನಗನ್ಸುತ್ತೆ, ಒಂದು ಬ್ಯಾಟರಿ, ಇನ್ನೊಂದು ಎಂಜಿನ್ ರೂಮಲ್ಲಿ ಸರಿಯಾಗಿ ಕೂರ್ಸಿದ ಮರೀನ್ ಡೀಸೆಲ್. ಎರಡನೇದಾದ್ರೆ 8 ಬೇಡ, 4 ಸಾಕು. ಡೀಸೆಲ್ ಎಂಜಿನ್ನಿಗೆ ಕೆಲಸ ಕಮ್ಮಿ ಆದ್ರೆ ಕಾಯಿಲೆ ಬರುತ್ತೆ, ಇದು ತಮಾಷೆಗೆ ಹೇಳ್ತಿರೋದಲ್ಲ. 8 ಕೆವಿಎ ಎಂಜಿನ್ ಇಡೀ ರಾತ್ರಿ 600 ವ್ಯಾಟ್ ಎಳೀತಾ ಇದ್ರೆ ಹತ್ತರಲ್ಲೊಂದು ಭಾಗನೂ ಲೋಡಿಲ್ಲ, ಸಿಲಿಂಡರ್ ಸರಿಯಾಗಿ ಬಿಸಿಯಾಗಲ್ಲ, ಡೀಸೆಲ್ ಪೂರ್ತಿ ಉರಿಯಲ್ಲ, ಅರ್ಧ ಉರಿದಿದ್ದು ಮಸಿಯಾಗಿ, ಎಣ್ಣೆಯಾಗಿ ಎಕ್ಸಾಸ್ಟಲ್ಲಿ ಜಿಗುಟು ಕಟ್ಟುತ್ತೆ, ಸಿಲಿಂಡರ್ ಗೋಡೆ ಗಾಜಿನಂಗೆ ನುಣುಪಾಗಿ ರಿಂಗ್ ಹಿಡಿಯಲ್ಲ, ಆಮೇಲೆ ಎಂಜಿನ್ ಆಯಿಲ್ ಕುಡಿಯೋಕೆ ಶುರು ಮಾಡುತ್ತೆ. ಶೇಕಡಾ 30ಕ್ಕಿಂತ ಕೆಳಗೆ ಹೆಚ್ಚು ಹೊತ್ತು ಓಡಿಸ್ಬಾರ್ದು, 50-75 ಅದಕ್ಕೆ ಹಿತ, ಹಂಗಾಗಿ 4 ಕೆವಿಎಗೂ ಏಸಿ ಜೊತೆ ಬೇರೆ ಲೋಡ್ ಬೇಕು. ಡೀಸೆಲ್ ಅಂತ ಸಿಒ ಅಲಾರಂ ತೆಗೀಬೇಡಿ, ಕಮ್ಮಿ ಬರುತ್ತೆ ಅಷ್ಟೇ, ಎಕ್ಸಾಸ್ಟ್ ಹೋಸಲ್ಲಿ ಒಂದು ಸೀಳು ಬಿದ್ರೆ ಹೊಗೆ ಬೋಟಿನ ಒಳಗೇ ಬರೋದು.

ನಾನು ನಿಮ್ಮ ಜಾಗದಲ್ಲಿದ್ರೆ ಬ್ಯಾಟರಿ ದಾರಿನೇ ಹಿಡೀತಿದ್ದೆ. ಇನ್ವರ್ಟರ್ ಏಸಿ ರಾತ್ರಿ 8 ಗಂಟೆಗೆ ಮೂರೂವರೆಯಿಂದ ನಾಲ್ಕು ಯೂನಿಟ್ ತಿನ್ನುತ್ತೆ, ಫ್ರಿಜ್ಜು ಇಡೀ ದಿನಕ್ಕೆ ಒಂದು ಚಿಲ್ಲರೆ. 12 ವೋಲ್ಟಿನ 400 ಎಎಚ್ ಲಿಥಿಯಂ ಬ್ಯಾಟರಿ ಅಂದ್ರೆ 5 ಯೂನಿಟ್ ಜಮೆ, ರಾತ್ರಿ ದಾಟುತ್ತೆ. ಹಗಲು ನೀವು ಎದ್ದಿರೋವಾಗ ಜನರೇಟರ್ ಓಡ್ಸಿ ಅದನ್ನ ತುಂಬ್ಸಿ. 60 ಆಂಪ್ ಚಾರ್ಜರ್ ಜನರೇಟರಿಂದ ಎಳೆಯೋದು 4 ಆಂಪ್ ಆಸುಪಾಸು, ಒಂದೇ ಸಮ ಎಳೆಯುತ್ತೆ, ಒದೆಯಲ್ಲ, ಜನರೇಟರಿಗೆ ಇಂಥ ಲೋಡಂದ್ರೆ ಪ್ರೀತಿ. ಆದ್ರೆ ಗಂಟೆಗೆ 0.8 ಯೂನಿಟ್ ಚಿಲ್ಲರೆ ಅಷ್ಟೇ ಒಳಗೆ ಹೋಗೋದು, ಐದು ಯೂನಿಟ್ಟಿಗೆ ಆರು ಗಂಟೆ, ಅದು ಜಾಸ್ತಿ ಅನ್ನಿಸಿದ್ರೆ ಎರಡು ಚಾರ್ಜರ್ ಹಾಕಿ ಅಥವಾ ಚಾವಣಿ ಮೇಲೆ ಸೋಲಾರ್ ಹಾಕಿ ಹಂಚ್ಕೊಳ್ಳಿ. ಹಳೇ ತರದ ಲೆಡ್ ಆಸಿಡ್ ಬ್ಯಾಟರಿ ಬೇಡ, ಅದು 80 ಪರ್ಸೆಂಟ್ ಆದ ಮೇಲೆ ಹನಿ ಹನಿಯಾಗಿ ಕುಡಿಯುತ್ತೆ, ಅಷ್ಟಕ್ಕೆ ಪೆಟ್ರೋಲ್ ಸುಡೋದು ದಂಡ.

ಬ್ಯಾಟರಿ ಕಡೆ ವೈರು ಮಾತ್ರ ಹುಷಾರು. 12 ವೋಲ್ಟಿಂದ 2,000 ವ್ಯಾಟ್ ತೆಗೀಬೇಕು ಅಂದ್ರೆ 190 ಆಂಪ್ ಹತ್ರ ಹರಿಯುತ್ತೆ, ಹೆಬ್ಬೆರಳು ದಪ್ಪದ ಕೇಬಲ್ಲು, ಬ್ಯಾಟರಿ ಪಕ್ಕದಲ್ಲೇ ಫ್ಯೂಸು, ನಟ್ಟು ಒಂದು ಸುತ್ತು ಸಡಿಲ ಇದ್ರೂ ಅಲ್ಲೇ ಕಾದು ಪ್ಲಾಸ್ಟಿಕ್ ಕರಗುತ್ತೆ. ಬ್ಯಾಟರಿ ಕರೆಂಟನ್ನ 230 ವೋಲ್ಟಿಗೆ ಏರ್ಸೋ ಇನ್ವರ್ಟರನ್ನ ಬಳಸದೇ ಇದ್ದಾಗ ಆಫ್ ಮಾಡಿ, ಸುಮ್ನೆ ಕೂತು 20 ವ್ಯಾಟ್ ತಿಂದ್ರೂ ದಿನಕ್ಕೆ ಅರ್ಧ ಯೂನಿಟ್, ಫ್ರಿಜ್ಜಿನ ಅರ್ಧ ಊಟ.

ಅಷ್ಟಾಗಿಯೂ ಡೀಸೆಲ್ಲೇ ಹಾಕಿಸ್ತೀನಿ ಅಂದ್ರೆ ಒಂದೇ ಒಂದು ಮಾತು, ನಾನೇ ದುಡ್ಡು ಕಳ್ಕೊಂಡು ಕಲ್ತಿದ್ದು. ಮರೀನ್ ಜನರೇಟರ್ ಹೊರಗಿನ ನೀರು ಎಳ್ಕೊಂಡು ತಂಪಾಗಿ, ಆ ನೀರನ್ನ ಎಕ್ಸಾಸ್ಟ್ ಜೊತೆ ಉಗುಳುತ್ತೆ. ನಂದು ಒಂದಿನ ಸ್ಟಾರ್ಟ್ ಆಗ್ಲಿಲ್ಲ, ಡೀಸೆಲಲ್ಲಿ ಗಾಳಿ ಸೇರಿತ್ತು, ನಾನು ಹಟ ಹಿಡಿದು ಹತ್ತು ಹದಿನೈದು ಸಲ ಸೆಲ್ಫ್ ಹೊಡೆದೆ. ಸೆಲ್ಫ್ ಹೊಡೆದಾಗೆಲ್ಲಾ ಪಂಪು ನೀರು ಎಳೀತಿತ್ತು, ಎಂಜಿನ್ ಓಡ್ತಿಲ್ಲ ಅಂದ್ಮೇಲೆ ಆ ನೀರನ್ನ ಹೊರಗೆ ತಳ್ಳೋ ಹೊಗೆ ಇಲ್ಲ, ಸೈಲೆನ್ಸರ್ ತುಂಬಿ ನೀರು ಹಿಂದಕ್ಕೆ ಎಂಜಿನ್ ಒಳಗೇ ಹೋಯ್ತು. ಇಂಜೆಕ್ಟರ್ ಬಿಚ್ಚಿ ತಿರುಗಿಸಿದ್ರೆ ಉಪ್ಪುನೀರು ಚಿಮ್ಮಿ ಮುಖಕ್ಕೆ ಬಿತ್ತು. ಎರಡು ಸಲಕ್ಕೆ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ನೀರಿನ ವಾಲ್ವ್ ಮುಚ್ಚಿ ಆಮೇಲೆ ಸೆಲ್ಫ್ ಹೊಡೀರಿ, ಎಂಜಿನ್ ಹಿಡಿದ ತಕ್ಷಣ ತೆಗೀರಿ, ಓಡಿ ಹೋಗಿ ಹಿಂದೆ ನೀರು ಉಗುಳ್ತಿದೆಯಾ ನೋಡಿ. ಉಗುಳ್ತಿಲ್ಲ ಅಂದ್ರೆ ಪಂಪಿನ ರಬ್ಬರ್ ಇಂಪೆಲ್ಲರ್ ಹೋಗಿದೆ ಅಥವಾ ಜಾಲರಿಗೆ ಕಸ ಕಟ್ಟಿದೆ, ತಕ್ಷಣ ಆಫ್ ಮಾಡಿ.

ಸ್ಟೆಬಿಲೈಜರ್ ಕೇಳಿದ್ರಲ್ಲ, ಬೇಡ. ವೋಲ್ಟೇಜ್ ಬಿದ್ದಾಗ ಅದನ್ನ ಏರ್ಸೋಕೆ ಸ್ಟೆಬಿಲೈಜರ್ ಜನರೇಟರಿಂದ ಇನ್ನೂ ಜಾಸ್ತಿ ಕರೆಂಟ್ ಎಳೆಯುತ್ತೆ, ಮೊದಲೇ ಕುಸೀತಿರೋ ಜನರೇಟರ್ ಇನ್ನೂ ಬೇಗ ಕುಸಿಯುತ್ತೆ, ರಿಲೇ ಟಕಟಕ ಅಂತ ಬಡ್ಕೊಳ್ಳುತ್ತೆ. ಅದರಲ್ಲಿ ನಿಮಗೆ ಉಪಯೋಗಕ್ಕೆ ಬರೋದು ಕರೆಂಟ್ ಬಂದ ಮೇಲೆ 3 ನಿಮಿಷ ತಡೆದು ಕೊಡೋ ಟೈಮರ್ ಒಂದೇ, ಅದಷ್ಟನ್ನೇ ಬೇರೆಯಾಗಿ ಮಾರ್ತಾರೆ, ಫ್ರಿಜ್ಜಿಗೆ ಒಂದು ಏಸಿಗೆ ಒಂದು ತಗೊಳ್ಳಿ. ಏಸಿದು 3 ನಿಮಿಷಕ್ಕೆ ಇಟ್ರೆ ಫ್ರಿಜ್ಜಿಂದು 5ಕ್ಕೆ ಇಡಿ, ಎರಡೂ ಒಟ್ಟಿಗೆ ಏಳದ ಹಂಗೆ.